ಮೂವತ್ತು ದಿನವೂ ‘ತೊಂದರೆ ಇಲ್ಲ’

ಹಲೋ… ಯಾರು ಮಾತಾಡ್ತಿರೋದು? ಮೇಷ್ಟ್ರಾ?… ಹಾಂ, ನಾನೇ, ಡಾಕ್ಟ್ರು. ಆಲ್ಝೈಮರ್ ಸಂಶೋಧನೆ ವಿಭಾಗದಿಂದ. ಮನೆ ತಲುಪಿದ್ರಾ?

…

ಒಳ್ಳೇದಾಯ್ತು. ನಿಮ್ಮ ಮನೆಯವರು, ಅಮ್ಮ, ಏನ್ಮಾಡ್ತಿದ್ದಾರೆ?… ಮಲಗಿದ್ದಾರಾ? ಮಧ್ಯಾಹ್ನ ಹನ್ನೆರಡಕ್ಕೆ? ನಿದ್ದೆನಾ, ಸುಮ್ನೆ ಒರಗಿದ್ದಾರಾ?… ಕರೆದ್ರೆ ಮಾತಾಡ್ತಾರೆ ತಾನೆ?… ಸರಿ.

…

ಇಲ್ಲ ಇಲ್ಲ, ನೆನಪಿನ ಪರೀಕ್ಷೆಯ ಅಂಕ ಹೇಳೋಕೆ ಫೋನ್ ಮಾಡಿದ್ದಲ್ಲ… ಹಾಂ, ಹತ್ತಕ್ಕೆ ಹತ್ತು. ಬರದೇ ಏನು! ಸಿಸ್ಟರ್ ಪಟ್ಟಿ ತೆಗೆಯೋಕೆ ಮೊದಲೇ ಅಮ್ಮ ‘ಚಾಪೆ, ಕತ್ತರಿ, ಸೇತುವೆ’ ಅಂತ ಹತ್ತು ಪದಾನೂ ಸಾಲಾಗಿ ಒಪ್ಪಿಸಿಬಿಟ್ರಂತೆ, ಮಗ್ಗಿ ಒಪ್ಪಿಸಿದ ಹಾಗೆ.

…

ನಾನು ಯಾರ ಹೆಸರೂ ಎತ್ತಿಲ್ಲ ಮೇಷ್ಟ್ರೇ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಕೋತೀರಿ?… ಸರಿ, ಬಾಯಿಪಾಠ ಮಾಡಿಸಿದ್ದು ನೀವೇ. ಮೂವತ್ತೈದು ವರ್ಷ ಪಾಠ ಹೇಳಿದ ಚಾಳಿ, ಬಿಡಲ್ಲ. ಆ ಜಗಳ ಆಮೇಲೆ ಆಡೋಣ. ಈಗ ನಾನು ಹೇಳೋದು ಕೇಳಿ. ಬೆಳಗ್ಗೆ ಮಾಡಿದ ಸ್ಕ್ಯಾನ್ ನನ್ನ ಮುಂದಿದೆ. ಅಮ್ಮನ ಮೆದುಳಲ್ಲಿ ಊತ ಇದೆ. ಎರಡು ಕಡೆ ಸಣ್ಣಗೆ ರಕ್ತಾನೂ ಜಿನುಗಿದೆ. ನಾವು ಪ್ರಯೋಗ ಮಾಡ್ತಿರೋ ಔಷಧದಿಂದ ಹೀಗಾಗಬಹುದು ಅಂತ ಮೊದಲೇ ಹೇಳಿದ್ದೆ.

…

ನಿಜ ಹೇಳಿ. ತಲೆನೋವು ಅಂತಿದ್ರಾ?

…

ಇಲ್ವಾ? ಒಂದಿನಾನೂ ಇಲ್ವಾ?… ಮೇಷ್ಟ್ರೇ, ನೀವು ತುಂಬಿಕೊಟ್ಟ ಡೈರಿ ನನ್ನ ಕೈಲಿದೆ. ಮೂವತ್ತು ದಿನವೂ ‘ತೊಂದರೆ ಇಲ್ಲ’, ‘ತೊಂದರೆ ಇಲ್ಲ’. ಒಂದೇ ಪೆನ್ನು, ಒಂದೇ ಓಟ. ದಿನಾ ರಾತ್ರಿ ಬರೆದದ್ದಲ್ಲ ಇದು, ಒಂದೇ ಸಲ ಕೂತು ಬರೆದದ್ದು. ಅಲ್ವಾ?… ಅಲ್ವಾ ಹೇಳಿ. ಎಷ್ಟು ದಿನದಿಂದ ನೋವು?

…

ಮೂರು ವಾರ!… ವಾಂತಿ?… ನಿನ್ನೇನಾ? ಅಯ್ಯೋ… ನೋವಿಗೆ ಏನು ಕೊಟ್ರಿ? ಮಾತ್ರೆ ಎದುರಿಗಿದ್ರೆ ಅದರ ಮೇಲೆ ಬರೆದಿರೋದು ಓದಿ… ಆಸ್ಪಿರಿನ್. ಬೇಡ, ಇನ್ನೊಂದೂ ಕೊಡ್ಬೇಡಿ. ಅದು ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ. ಇನ್ನೂ ಜಾಸ್ತಿ ಜಿನುಗತ್ತೆ.

…

ಆಂಬುಲೆನ್ಸ್ ಹೊರಟಾಯ್ತು. ನಾನೇ ಕಳಿಸಿದೆ… ಗುರುವಾರದ ಡ್ರಿಪ್ಪಾ? ಗುರುವಾರಾನೂ ಇಲ್ಲ, ಮುಂದಕ್ಕೂ ಇಲ್ಲ. ಪ್ರಯೋಗದಿಂದ ಅವರನ್ನ ಕೈಬಿಟ್ಟಾಯ್ತು.

…

ಬೇಡ್ಕೋಬೇಡಿ, ನನ್ನ ಕೈಲಿಲ್ಲ… ಔಷಧಾನೋ ಬರೀ ಉಪ್ಪುನೀರೋ ನನಗೂ ಗೊತ್ತಿಲ್ಲ. ಹಾಕೋರಿಗೂ ಗೊತ್ತಿರಬಾರದು, ಹಾಕಿಸ್ಕೊಳ್ಳೋರಿಗೂ ಗೊತ್ತಿರಬಾರದು ಅಂತ ಮೊದಲ ದಿನವೇ ಹೇಳಿದ್ದೆ… ಏನು? ಊತ ಬಂದಿದೆ ಅಂದ್ರೆ ನಿಜವಾದ ಔಷಧಾನೇ ಸಿಕ್ಕಿದೆ ಅಂತಾನಾ? ಇದಕ್ಕೆ ಖುಷಿಪಡ್ತಿದ್ದೀರಾ ನೀವು?

…

ಹೌದು. ಮರೀತಾರೆ. ಒಂದಿನ ನಿಮ್ಮನ್ನೂ ಮರೀತಾರೆ. ನಾನು ಸುಳ್ಳು ಹೇಳಲ್ಲ. ಆದ್ರೆ ಮರೆಯೋಕಾದ್ರೂ ಜೀವ ಇರ್ಬೇಕಲ್ಲ ಮೇಷ್ಟ್ರೇ!

…

ಅಳ್ಬೇಡಿ… ಅಳಿ, ಪರವಾಗಿಲ್ಲ, ಅಳ್ತಾನೇ ಹೋಗಿ ಬಾಗಿಲು ತೆಗೀರಿ. ಓಣಿ ಒಳಗೆ ಗಾಡಿ ಬರಲ್ವಾ? ಸ್ಟ್ರೆಚರ್ ತರ್ತಾರೆ. ನೀವೇ ಕೈ ಹಿಡಿದು ಮೆಟ್ಟಿಲು ಇಳಿಸೋಕೆ ಹೋಗ್ಬೇಡಿ… ಬೆಲ್ ಆಯ್ತಾ? ಓಡಿ. ಫೋನ್ ಕಟ್ ಮಾಡ್ಬೇಡಿ, ಹಾಗೇ ಅಮ್ಮನ ಹಾಸಿಗೆ ಮೇಲಿಡಿ.

…

ಮೇಷ್ಟ್ರೇ?… ಬಂದ್ರಾ? ಉಸಿರು ಕೇಳಿಸ್ತಿದೆ. ಮಾತಾಡ್ಬೇಡಿ, ಸುಮ್ನೆ ಕೇಳಿಸ್ಕೊಳ್ಳಿ. ತಪ್ಪು ನಿಮ್ಮೊಬ್ಬರದೇ ಅಲ್ಲ. ಹೋದ ತಿಂಗಳ ಡೈರೀನೂ ಹೀಗೇ ಇತ್ತು, ಒಂದೇ ಪೆನ್ನು, ಒಂದೇ ಓಟ. ನೋಡಿದೆ. ನೋಡಿಯೂ ಸಹಿ ಹಾಕಿದೆ. ಅಂಕ ಏರ್ತಿತ್ತಲ್ಲ! ಹನ್ನೊಂದು ವರ್ಷದಲ್ಲಿ ಯಾರ ಅಂಕವೂ ಏರಿದ್ದು ನಾನು ನೋಡಿಲ್ಲ. ನನಗೂ ಬೇಕಿತ್ತು ಮೇಷ್ಟ್ರೇ, ನಿಮ್ಮಷ್ಟೇ ಬೇಕಿತ್ತು. ಫಾರಂನಲ್ಲಿ ‘ಜೊತೆಗಾರರು ಉತ್ತರಿಸಬೇಕು’ ಅಂತಿದೆ, ನಿಮ್ಮನ್ನೇ ಕೇಳ್ತಾ ಹೋದೆ. ಪಕ್ಕದ ಕುರ್ಚೀಲಿ ಕೂತಿದ್ದ ಅಮ್ಮನ್ನ ಒಂದ್ಸಲಾನೂ ಕೇಳ್ಲಿಲ್ಲ.

…

ಯಾರು?… ಅಮ್ಮಾ? ಇಷ್ಟು ಹೊತ್ತು ಕೇಳಿಸ್ಕೊಂಡಿದ್ದು ನೀವಾ?… ಬೇಡ, ಏಳ್ಬೇಡಿ, ಮಲಗೇ ಮಾತಾಡಿ. ನಾನಮ್ಮಾ, ಡಾಕ್ಟ್ರು.

…

ಹೇಳಬಾರದಾ? ಯಾಕಮ್ಮಾ?… ಮೇಷ್ಟ್ರು ಹೇಳಿದ್ರಾ? ನೋವು ಅಂದ್ರೆ ಡ್ರಿಪ್ ನಿಲ್ಲಿಸಿಬಿಡ್ತಾರೆ ಅಂತ?… ಮೂರು ವಾರ ಇದನ್ನ ನೆನಪಿಟ್ಕೊಂಡಿದ್ರಾ ನೀವು?

…

ಇಲ್ಲಮ್ಮಾ, ಅವರನ್ನ ಯಾರೂ ಬೈಯಲ್ಲ. ನಾನು ನಿಮ್ಮನ್ನೇ ಕೇಳ್ತಿದ್ದೀನಿ. ಎಲ್ಲಿ ನೋಯ್ತಿದೆ?… ಹಾಂ, ಹೇಳಿ, ಬರ್ಕೋತಿದ್ದೀನಿ… ಕಣ್ಣಿನ ಹಿಂದೆನಾ? ಯಾವ ಕಣ್ಣು?… ಅಮ್ಮಾ?… ಹಲೋ… ಯಾವ ಕಣ್ಣಮ್ಮಾ? ಹಲೋ—