ಸೈಲೆನ್ಸರ್ ಪೈಪಿನ ಬಿರುಕು

ಇನ್ನೂ ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳೋ ವಿಷಯ ಅಲ್ಲ. ಇದು ನನ್ನ ದೊಡ್ಡಮ್ಮನ ಮಗನಿಗೇ ಆದದ್ದು. ಕಾರು ಮೆಕ್ಯಾನಿಕ್. ದೆವ್ವ ಅಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಆಸಾಮಿ.

ಅವತ್ತು ಗ್ಯಾರೇಜಿಗೆ ಬೀಗ ಹಾಕಿ ಹೊರಟಾಗ ಹನ್ನೊಂದೂವರೆ. ಊರಿಗೆಲ್ಲ ಕರೆಂಟಿಲ್ಲ, ಸೆಕೆಯೋ ಸೆಕೆ. ಇಂಜಿನ್ ಪರೀಕ್ಷೆ ಮಾಡುವ ಸ್ಕ್ಯಾನರನ್ನು ಯಾರಾದರೂ ಎಗರಿಸಿಯಾರು ಅಂತ ದಿನಾ ಚೀಲದಲ್ಲಿ ಮನೆಗೇ ಒಯ್ಯುತ್ತಿದ್ದ. ಹಾಳುಬಾವಿಯ ತಿರುವಿಗೆ ಬಂದ. ಅಲ್ಲಿ... ಒಂದು ಕಾರು. ಗುರ್‌ರ್ ಅಂತ ಓಡುತ್ತಿದೆ. ನಡುನಡುವೆ ಟಪ್... ಟಪ್... ಟಪ್.

ಗುರುತು ಸಿಕ್ಕಿತು. ಟ್ಯಾಕ್ಸಿ ಓಡಿಸುವ ಗೆಳೆಯನದು. ಅವನೇ ಸ್ಟೀರಿಂಗ್ ಹಿಡಿದು ಕೂತಿದ್ದ.

“ಅಣ್ಣಾ... ಆ ಇಂಜಿನ್ ಲೈಟು ಮತ್ತೆ ಬಂತು.”

“ಹೋದ ವಾರ ತಾನೇ ಹೊಸ ಸೆನ್ಸರ್ ಹಾಕಿದ್ನಲ್ಲೋ!”

“ಮೆಲ್ಲಗೆ... ಮಗು ಮಲಗಿದೆ.”

ಇಂಜಿನ್ ಬಿಡುವ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆಯುವ ಪುಟ್ಟ ಸಾಮಾನು ಅದು, ಆಕ್ಸಿಜನ್ ಸೆನ್ಸರ್. ಎಲ್ಲ ಸರಿಯಿದ್ದರೆ ಅದರ ಅಂಕಿ ಮೇಲೆ ಕೆಳಗೆ ಕುಣಿಯುತ್ತಲೇ ಇರಬೇಕು. ಆಮ್ಲಜನಕ ಹೆಚ್ಚಾದಷ್ಟೂ ಅಂಕಿ ಇಳಿಯುತ್ತದೆ; ಹೋದ ವಾರ ಕೆಳಗೇ ಅಂಟಿಕೊಂಡಿತ್ತು. ಕೆಲಸ ರಾಶಿ ಬಿದ್ದಿತ್ತು ನೋಡಿ. ಸೆನ್ಸರ್ ಸುಳ್ಳು ಹೇಳ್ತಿದೆ ಅಂದ, ಬದಲಾಯಿಸಿದ, ಲೈಟು ಆರಿಸಿ ಕಳಿಸಿಬಿಟ್ಟ. ಕಾರಿನ ಕೆಳಗೆ ಬಗ್ಗಿ ನೋಡಲೇ ಇಲ್ಲ.

ಬಾಗಿಲು ತೆರೆದು, ಗೆಳೆಯನ ಮೊಣಕಾಲ ಪಕ್ಕ ಕೈ ತೂರಿಸಿ ಸ್ಕ್ಯಾನರ್ ಚುಚ್ಚಿದ. ಅದೇ ಅಂಕಿ. ಅಲ್ಲಾಡುತ್ತಿಲ್ಲ. ಹಳೇದೂ ಹೊಸದೂ ಎರಡೂ ಸೇರಿ ಒಂದೇ ಸುಳ್ಳು ಹೇಳುತ್ತವೆಯೇ?

ಮೊಬೈಲ್ ಟಾರ್ಚ್ ಹಿಡಿದು ಕೆಳಗೆ ತೂರಿದ. ಸೆನ್ಸರಿಗಿಂತ ಗೇಣು ಮುಂಚೆ, ಪೈಪಿನಲ್ಲಿ ಬಿರುಕು. ಸುತ್ತ ಮಸಿ. ಟಪ್ ಟಪ್ ಅಲ್ಲಿಂದಲೇ. ಹೊರಗಿನ ಗಾಳಿ ಅಲ್ಲಿ ನುಗ್ಗುತ್ತಿತ್ತು. ಸೆನ್ಸರ್ ಮೊದಲಿನಿಂದಲೂ ನಿಜವನ್ನೇ ಹೇಳಿತ್ತು. ಗಾಳಿ ಒಳಗೆ ಬರುವ ದಾರಿಯಲ್ಲೇ ಹೊಗೆಯೂ ಹೊರಗೆ ಬರುತ್ತದೆ. ಕೈ ಇಟ್ಟ. ಓಡುತ್ತಿರುವ ಇಂಜಿನ್ನಿನ ಪೈಪು... ತಣ್ಣಗೆ ಕೊರೆಯುತ್ತಿತ್ತು.

“ಇಂಜಿನ್ ಆಫ್ ಮಾಡೋ! ಗಾಜು ಇಳಿಸು! ಈ ಹೊಗೆ ಒಳಗೆ ಸೇರಿದ್ರೆ ಗೊತ್ತೂ ಆಗಲ್ಲ, ಮಲಗಿದಲ್ಲೇ ಜೀವ ಹೋಗುತ್ತೆ!”

“ಕೈ ಏಳ್ತಿಲ್ಲ ಅಣ್ಣಾ... ನೀನೇ ಹೋಗಿ ಆಫ್ ಮಾಡು.”

“ಹೋಗೋದಾ? ಎಲ್ಲಿಗೆ?”

“ನಮ್ಮನೆಗೆ.”

ಎದ್ದು ಹಿಂದಿನ ಸೀಟಿಗೆ ಟಾರ್ಚ್ ಬಿಟ್ಟ. ಖಾಲಿ.

“ಮಗು ಎಲ್ಲೋ?”

“ಶೆಡ್ಡಲ್ಲಿ... ಬೇಗ, ಅಣ್ಣಾ.”

ಬಿದ್ದಂಬೀಳ ಓಡಿದ. ಹಿಂತಿರುಗಿ ನೋಡುವ ಧೈರ್ಯ ಆಗಲಿಲ್ಲ.

ಗೆಳೆಯನ ಮನೆ ಪಕ್ಕದ ತಗಡಿನ ಶೆಡ್ಡಲ್ಲಿ ಅದೇ ಕಾರು. ಅದೇ ಟಪ್... ಟಪ್. ಹೆಂಡತಿ ತವರಿಗೆ ಹೋಗಿದ್ದಳು. ಸೆಕೆ ತಡೆಯದೆ ಅಪ್ಪ ಮಗಳು ಎಸಿ ಹಾಕಿಕೊಂಡು ಕಾರಲ್ಲೇ ಮಲಗಿದ್ದರು. ಕಲ್ಲೆತ್ತಿ ಗಾಜಿಗೆ ಬಡಿದ. ಛಳಾರ್! ಮಗುವನ್ನು ಹೊರಗೆಳೆದ. ಗೊರ್... ಗೊರ್... ಉಸಿರಿತ್ತು. ಅವಳ ಕಡೆಯ ಗಾಜು ಒಂದು ಬೆರಳು ಇಳಿದಿತ್ತು, ಅಷ್ಟಕ್ಕೇ ಉಳಿದಳು. ಅಪ್ಪ ಸ್ಟೀರಿಂಗ್ ಮುಂದೆ ತಲೆ ತಗ್ಗಿಸಿ ಕೂತಿದ್ದ. ಉಸಿರಿರಲಿಲ್ಲ.

ಹನ್ನೆರಡೂವರೆಗೆ ನೋಡಿದ ಡಾಕ್ಟರು, ಜೀವ ಹೋಗಿ ಎರಡು ಗಂಟೆಯಾದರೂ ಆಗಿದೆ ಅಂದರು.

“ಎರಡು ನಿಮಿಷ ಬಗ್ಗಿ ನೋಡಿದ್ರೆ ಸಾಕಿತ್ತು ಕಣೋ,” ಅಂತ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತ. ಬಾವಿಯ ಮಾತನ್ನು ಅವನು ನನ್ನೊಬ್ಬನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಮೂರನೇ ದಿನ ಮಗು ಕಣ್ಣು ಬಿಟ್ಟಿತು. ಅಪ್ಪ ಹೋದದ್ದನ್ನು ಇನ್ನೂ ಯಾರೂ ತಿಳಿಸಿರಲಿಲ್ಲ. ಅವನು ಹಾಸಿಗೆ ಪಕ್ಕ ತಲೆ ಎತ್ತದೆ ನಿಂತಿದ್ದ, ನಾನು ಅವನ ಬೆನ್ನ ಹಿಂದೆ. ಕಿವಿಯಾರೆ ಕೇಳಿದ್ದೇನೆ, ಬೇಕಾದರೆ ಆಣೆ ಇಡುತ್ತೇನೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು, ಆಮೇಲೆ ಇವನನ್ನು ಕೇಳಿದಳು:

“ಮಾಮ... ಬಾವಿ ಹತ್ರ ಕಾರಿನ ಕೆಳಗೆ ಮಲ್ಕೊಂಡು ಹುಡುಕ್ತಿದ್ರಲ್ಲ, ಸಿಕ್ತಾ? ಅಪ್ಪ ಕೇಳ್ತಿದ್ದಾರೆ.”