ಜೋರಿ ನ್ಯಾನ್ಸ್ ಹಾಕಿದ ಗಂಟು

ಅಧ್ಯಕ್ಷರಾದ ಶ್ರೀಮತಿ ಟ್ರೆಂಬಾತ್ ಅವರೇ, ನಮ್ಮಂಥವರ ಜೊತೆ ಒಂದೇ ವೇದಿಕೆಯ ಮೇಲೆ ಕೂರಲು ಒಪ್ಪಿದ ಪಾದ್ರಿ ಹಾಕಿಂಗ್ ಅವರೇ, ಸನ್ಮಾನದ ಹೊಸ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ತಲೆಯ ಮೇಲೆ ಹಳೆಯದನ್ನೇ ಉಳಿಸಿಕೊಂಡಿರುವ ಜೋರಿ ನ್ಯಾನ್ಸ್ ಅವರೇ, ನಮ್ಮ ಪೋರ್ಥ್‌ವೆನ್ನ ಬಂದರಿನ ಸಭಿಕರೇ,

ನಾನು ಟ್ಯಾಮ್ಸಿನ್ ಆಂಗೋವ್. ಬೇಕರಿಯ ಮೇಜಿನ ಹಿಂದೆ ನೀವೆಲ್ಲ ನನ್ನನ್ನು ನೋಡಿದ್ದೀರಿ. ಪಾಸ್ಟಿ ಕಡುಬಿನಲ್ಲಿ ಆಲೂಗಡ್ಡೆ ಹೆಚ್ಚು, ಮಾಂಸ ಕಡಿಮೆ ಎಂದು ಬೈದಿದ್ದೀರಿ. ಇವತ್ತು ನೀವು ಸುಮ್ಮನಿರಬೇಕು, ನಾನು ಮಾತಾಡಬೇಕು. ಇಂಥ ಭಾಗ್ಯ ಬೇಕರಿಯವಳಿಗೆ ಎಲ್ಲಿ ಸಿಗುತ್ತದೆ? ತಲೆ ಸ್ವಲ್ಪ ಗಿರ್ರೆನ್ನುತ್ತಿದೆ. ಅಧ್ಯಕ್ಷರು ಕುಡಿಸಿದ ಸೇಬಿನ ಮದ್ಯ ಅದಕ್ಕೆ ಕಾರಣವಲ್ಲ. ಅಥವಾ ಅದೊಂದೇ ಕಾರಣವಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸೂರ್ಯ ಮುಳುಗುವುದರೊಳಗೆ ನನ್ನ ಭಾಷಣ ಮುಗಿಯಬೇಕು. ಏಕೆಂದರೆ ಸೂರ್ಯ ಮುಳುಗಿದ ಕೂಡಲೇ ನನ್ನ ಮದುವೆ ಮುಗಿಯುತ್ತದೆ.

ನಗಬೇಡಿ. ನಗಿ, ಪರವಾಗಿಲ್ಲ.

ಜೋರಿಯವರ ಬಗ್ಗೆ ಹೇಳುವ ಮೊದಲು ನಮ್ಮ ವಿಕ್ಕ ಮತ ಎಂದರೇನು ಎಂದು ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷರ ಅಪ್ಪಣೆ. ಬಂದರಿನ ಹಗ್ಗಗಳನ್ನೆಲ್ಲ ಕಟ್ಟಿದ ಮನುಷ್ಯ, ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುತ್ತಿದ್ದವನು, ಮೊಮ್ಮಕ್ಕಳ ಮದುವೆಯಾದ ಮೇಲೆ ಮಾಟಗಾತಿಯರ ಗುಂಪು ಸೇರಿದ್ದೇಕೆ ಎಂದು ನಿಮಗೂ ಕುತೂಹಲವಿದೆ. ಹೌದು, ಮಾಟಗಾತಿಯರು. ಆ ಹೆಸರನ್ನು ನಾವು ಬಿಟ್ಟಿಲ್ಲ. ಆದರೆ ಸೈತಾನ ನಮ್ಮಲ್ಲಿಲ್ಲ. ಅವನು ಬೇಕಿದ್ದರೆ ಪಾದ್ರಿಗಳ ಪುಸ್ತಕದಲ್ಲಿ ಹುಡುಕಬೇಕು. ನಮಗೊಬ್ಬಳು ದೇವಿ ಇದ್ದಾಳೆ, ಚಂದ್ರನ ಹಾಗೆ ಬೆಳೆಯುತ್ತಾಳೆ, ತುಂಬುತ್ತಾಳೆ, ಸವೆಯುತ್ತಾಳೆ. ಕೊಂಬಿರುವ ಒಬ್ಬ ದೇವರಿದ್ದಾನೆ, ಸುಗ್ಗಿಯಲ್ಲಿ ಸಾಯುತ್ತಾನೆ, ಚಳಿಗಾಲದ ನಡುವೆ ಮತ್ತೆ ಹುಟ್ಟುತ್ತಾನೆ. ವರ್ಷಕ್ಕೆ ಎಂಟು ಹಬ್ಬ. ನಮ್ಮ ಮತ ಎಷ್ಟು ಹಳೆಯದು? ಸಾವಿರಾರು ವರ್ಷ ಎನ್ನುವವರಿದ್ದಾರೆ. ನನ್ನನ್ನು ಕೇಳಿದರೆ ಈ ಸಭಾಂಗಣದ ಚಾವಣಿಗಿಂತ ಹಳೆಯದಲ್ಲ, ಆದರೆ ಇದರಷ್ಟು ಸೋರುವುದಿಲ್ಲ. ಇನ್ನು, ಬಟ್ಟೆಯಿಲ್ಲದೆ ಪೂಜೆ ಮಾಡುವ ಗುಂಪುಗಳೂ ಇವೆ. ಪತ್ರಿಕೆಯವನೊಬ್ಬ ಅದಕ್ಕಾಗಿಯೇ ಕ್ಯಾಮೆರಾ ಹಿಡಿದು ನಮ್ಮ ಗುಡ್ಡ ಹತ್ತಿದ್ದ. ಕಾರ್ನ್‌ವಾಲಿನ ಮೇ ತಿಂಗಳ ಗಾಳಿಯಲ್ಲಿ ನಾವು ತೊಟ್ಟಿದ್ದ ಉಣ್ಣೆಯ ಚಡ್ಡಿಗಳನ್ನು ಕಂಡು ಪಾಪ, ಹಾಗೇ ಇಳಿದುಹೋದ.

ನಿಯಮ ಎಂದು ನಮಗಿರುವುದು ಒಂದೇ. ಯಾರಿಗೂ ಕೇಡಾಗದಂತೆ, ನಿನ್ನ ಮನಸ್ಸಿಗೆ ಬಂದದ್ದನ್ನು ಮಾಡು. ಸುಲಭವೆನಿಸುತ್ತದೆ, ಅಲ್ಲವೇ? ನಾನೂ ಹಾಗೆಂದೇ ಸೇರಿದೆ. ಆಮೇಲೆ ತಿಳಿಯಿತು, ಇನ್ನೊಬ್ಬರ ಇಚ್ಛೆಯನ್ನು ಬಗ್ಗಿಸುವುದೂ ಕೇಡೇ. ಆದ್ದರಿಂದ ವಶೀಕರಣ ನಮ್ಮಲ್ಲಿ ಮಹಾಪಾಪ. 'ಅವನು ನನ್ನವನಾಗಲಿ' ಎಂದು ಮೇಣದಬತ್ತಿ ಹಚ್ಚುವಂತಿಲ್ಲ. ಹಚ್ಚಿದರೆ ಆ ಕೇಡು ಮೂರು ಪಟ್ಟಾಗಿ ನಮಗೇ ತಿರುಗುತ್ತದೆ. ಈ ಮಾತನ್ನು ದಯವಿಟ್ಟು ಮರೆಯಬೇಡಿ. ನಾನು ಮರೆಯದೇ ಇದ್ದದ್ದರಿಂದಲೇ ಈ ಫಜೀತಿಯಾಗಿದೆ.

ನಮ್ಮ ಮದುವೆ ನಿಮ್ಮದರ ಹಾಗಲ್ಲ. ಕೈಗೆ ಕೈ ಸೇರಿಸಿ ಹಗ್ಗದಿಂದ ಕಟ್ಟುತ್ತಾರೆ. ಒಂದು ವರ್ಷ ಮತ್ತು ಒಂದು ದಿನಕ್ಕೆ. ಅವಧಿ ಮುಗಿದಾಗ ಇಬ್ಬರಲ್ಲಿ ಒಬ್ಬರು ಕೇಳಿ ಇನ್ನೊಬ್ಬರು ಒಪ್ಪಿದರೆ ಮತ್ತೆ ಕಟ್ಟುತ್ತಾರೆ. ಕೇಳದಿದ್ದರೆ ಇಬ್ಬರೂ ಸ್ವತಂತ್ರರು, ಜಗಳವಿಲ್ಲ, ವಕೀಲರಿಲ್ಲ. ನಾನು ಒಮ್ಮೆ ಪಾದ್ರಿಗಳ ಚರ್ಚಿನಲ್ಲೇ, ಸಾವು ಬೇರೆ ಮಾಡುವ ತನಕ ಎಂದು, ಮದುವೆಯಾದವಳು. ಸಾವು ಬರಲಿಲ್ಲ, ಪ್ಲಿಮತ್‌ಗೆ ಹೋಗುವ ಬಸ್ಸು ಬಂತು, ನನ್ನ ಗಂಡ ಹತ್ತಿಕೊಂಡ. ಆದ್ದರಿಂದ ನಮ್ಮ ಗುಂಪಿನ ಡೆನ್ಜಿಲ್ ರೋ ಮದುವೆಗೆ ಕೇಳಿದಾಗ ನನಗೆ ಹಿಡಿಸಿದ್ದು ಅವನಲ್ಲ, ಆ ಅವಧಿ. ಹೋಗುವ ದಿನ ಮೊದಲೇ ತಿಳಿದಿದ್ದರೆ ಯಾರೂ ಬಿಟ್ಟುಹೋದ ಹಾಗಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಇದನ್ನೇಕೆ ಹೇಳಿದೆನೋ. ಬರೆದುಕೊಂಡು ಬಂದದ್ದರಲ್ಲಿ ಇದಿರಲಿಲ್ಲ.

ಈಗ ಜೋರಿಯವರ ವಿಷಯ. ಕಳೆದ ವರ್ಷದ ಮೇ ಒಂದರಂದು, ಗುಡ್ಡದ ಮೇಲೆ, ನಮ್ಮ ಕೈ ಕಟ್ಟುವ ಗೌರವ ಹೊಸದಾಗಿ ಸೇರಿದ ಇವರಿಗೆ ಸಿಕ್ಕಿತು. ಗಂಟನ್ನು ಸಡಿಲವಾಗಿ ಹಾಕಬೇಕು, ವಧೂವರರು ಅದು ಬಿಚ್ಚದ ಹಾಗೆ ಕೈಗಳನ್ನು ಜಾರಿಸಿಕೊಳ್ಳಬೇಕು, ಇದು ಪದ್ಧತಿ. ಜೋರಿಯವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಇವರು ದೋಣಿ ಕಟ್ಟುವ ಗಂಟು ಹಾಕಿದರು. ಅದರ ಮೇಲೆ ಪದ್ಧತಿಯಂತೆ ಜೇನಿನ ಮದ್ಯ ಸುರಿದರು. ಸೆಣಬಿನ ಹಗ್ಗ ನೆನೆದರೆ ಏನಾಗುತ್ತದೆಂದು ಬಂದರಿನವರಿಗೆ ನಾನು ಹೇಳಬೇಕೇ?

ಎಳೆದಷ್ಟೂ ಬಿಗಿಯಾಯಿತು. ನಮ್ಮ ಗುಂಪಿನಲ್ಲಿ ಕಪ್ಪು ಹಿಡಿಯ ಚೂರಿಯೊಂದಿದೆ. ಅದು ಗಾಳಿಯನ್ನು ಬಿಟ್ಟು ಬೇರೇನನ್ನೂ ಕತ್ತರಿಸುವಂತಿಲ್ಲ. ಬಿಳಿ ಹಿಡಿಯ ಇನ್ನೊಂದು ಎಲ್ಲವನ್ನೂ ಕತ್ತರಿಸಬಹುದು, ಆದರೆ ಹಗ್ಗ ಕತ್ತರಿಸಿದರೆ ಮದುವೆಯೂ ಕತ್ತರಿಸಿದ ಹಾಗೆ. ಎಲ್ಲರೂ ಜೋರಿಯವರ ಕಡೆ ನೋಡಿದರು. ಇವರು ಶಾಂತವಾಗಿ ಪೈಪ್ ಹಚ್ಚಿದರು.

"ಬಿಚ್ಕೊಳ್ಳೋ ಗಂಟು ಹಾಕಿ ನಂಗೆ ಅಭ್ಯಾಸ ಇಲ್ಲ ಬಂಗಾರ. ಒಣಗ್ಲಿ, ತಾನೇ ಸಡ್ಲ ಆಗುತ್ತೆ. ಬಿಸ್ಲು ಬರೋ ತನಕ ಜೊತೆಗಿರಿ, ಮದ್ವೆ ಆಗಿದ್ದೇ ಅದಕ್ಕಲ್ವಾ?"

ಬಿಸಿಲು! ಇಲ್ಲಿ! ಜಿಟಿಜಿಟಿ ಹಿಡಿದ ಮಳೆ ಬಿಡಲೇ ಇಲ್ಲ. ನನ್ನ ಎಡಗೈ, ಡೆನ್ಜಿಲನ ಬಲಗೈ ಒಟ್ಟಿಗೆ ಬೇಕರಿ ನಡೆಸಿದವು. ಹಿಟ್ಟು ನಾದಿದವನು ಅವನು, ನೀರು ಬೆರೆಸಿದವಳು ನಾನು. ಪಾಸ್ಟಿಯ ಅಂಚನ್ನು ಒಂದು ಕಡೆಯಿಂದ ನಾನು ಮಡಿಸಿದರೆ ಇನ್ನೊಂದು ಕಡೆಯಿಂದ ಅವನು ಮಡಿಸುತ್ತಿದ್ದ, ನಡುವೆ ಅದರ ಹೊಟ್ಟೆ ಒಡೆಯುತ್ತಿತ್ತು. ಪಾದ್ರಿಗಳು ಅಂಥವನ್ನೇ ಎರಡು ಕೊಂಡರು, ಒಂದು ಮಾತೂ ಕೇಳಲಿಲ್ಲ. ಅಂದಿನಿಂದ ಅವರ ಮೇಲೆ ನನಗೆ ಗೌರವ. ಸ್ನಾನ ಇತ್ಯಾದಿ ಹೇಗೆಂದು ಕೇಳಬೇಡಿ, ಮಕ್ಕಳಿದ್ದಾರೆ. ಡೆನ್ಜಿಲ್ ದೋಣಿಗೆ ಬಣ್ಣ ಬಳಿಯಲು ಹೋದಾಗ ಏಣಿಯ ಮೇಲೆ ನಾನೂ ಹತ್ತಿದೆ, ಬೈಯುತ್ತಾ. ಅವನು ಹೆಚ್ಚು ಮಾತಾಡುವವನಲ್ಲ. ಆದರೆ ಕಿರಿದಾದ ದಾರಿಯಲ್ಲಿ ಪ್ರತಿಸಲವೂ ಚರಂಡಿಯ ಕಡೆ ಅವನೇ ನಡೆಯುತ್ತಿದ್ದ. ಅದಕ್ಕಾಗಿ ನನ್ನ ಸುತ್ತ ತಿರುಗಿ, ನನ್ನ ತೋಳನ್ನು ಎತ್ತಿ, ನರ್ತಕಿಯನ್ನು ತಿರುಗಿಸಿದ ಹಾಗೆ ತಿರುಗಿಸಬೇಕಾಗುತ್ತಿತ್ತು. ಊರಿನವರು ಕಿಟಕಿಯಿಂದ ನೋಡಿ ಇವರಿಗೆ ಹುಚ್ಚು ಎಂದರು. ನೀವೇ ಅಂದಿರಿ, ನೆನಪಿರಬೇಕು.

ಕೊನೆಗೆ ಬಿಸಿಲು ಬಂತು. ಗಂಟು ಜಾರಿತು. ನಾನು ಮಾಡಿದ ಮೊದಲ ಕೆಲಸ ಎರಡೂ ಕೈಯಿಂದ ಮುಖ ತೊಳೆದದ್ದು. ಎರಡನೆಯದು, ಅವನು ಎಲ್ಲಿ ಎಂದು ತಿರುಗಿ ನೋಡಿದ್ದು.

ಇವತ್ತು ಮೇ ಎರಡು. ಮತ್ತೆ ಕೈ ಕಟ್ಟಿಸಿಕೊಳ್ಳೋಣವೇ ಎಂದು ಈ ವಾರವೆಲ್ಲ ನಾನು ಕೇಳಿಲ್ಲ. ಅವನೂ ಕೇಳಿಲ್ಲ. ನಾನು ಏಕೆ ಕೇಳಲಿಲ್ಲ? ಕೇಳಿದರೆ ಅವನ ಇಚ್ಛೆಯನ್ನು ಬಗ್ಗಿಸಿದ ಹಾಗಾದೀತು ಎಂದು. ಅವನು ಇಲ್ಲವೆನ್ನಲಾರದ ಮನುಷ್ಯ. ಅಂಥವನನ್ನು ಕೇಳುವುದೂ ಒಂದು ವಶೀಕರಣವಲ್ಲವೇ? ಅವನೇಕೆ ಕೇಳಲಿಲ್ಲ? ಅವನೂ ಇದೇ ಧರ್ಮದವನು. ಅಥವಾ ಹೋಗಬೇಕೆಂದಿದ್ದಾನೆ. ಎರಡರಲ್ಲಿ ಯಾವುದೆಂದು ಅವನ ಮುಖ ನೋಡಿ ಹೇಳಲಾಗುವುದಿಲ್ಲ. ಇವತ್ತು ಬೆಳಿಗ್ಗೆ ಬೂಟುಗಳಿಗೆ ಪಾಲಿಶ್ ಹಾಕುತ್ತಿದ್ದ. ಈ ಸಭೆಗೋ, ದೂರದ ದಾರಿಗೋ?

ಸಭೆಗೆ ಬರುವ ಮುಂಚೆ ಜೋರಿಯವರಿಗೆ ಇದನ್ನೆಲ್ಲ ಹೇಳಿಕೊಂಡೆ. ಇವರು ನನ್ನ ಧರ್ಮಸೂಕ್ಷ್ಮವನ್ನೆಲ್ಲ ತಾಳ್ಮೆಯಿಂದ ಕೇಳಿ, "ಕೇಳೋದೇ ಬೇರೆ, ಕಟ್ಟೋದೇ ಬೇರೆ ಕಣೇ. ನೀನು ಕೇಳು. ಕಟ್ಟೋಕೆ ನಾನಿದೀನಿ" ಎಂದರು.

ಆದ್ದರಿಂದ, ಸಭಿಕರೇ, ಕೇಳುತ್ತಿದ್ದೇನೆ. ಡೆನ್ಜಿಲ್, ಇನ್ನೊಂದು ವರ್ಷ, ಮತ್ತೊಂದು ದಿನ ಇರುತ್ತೀಯಾ? ಊರೆಲ್ಲ ನೋಡುತ್ತಿರುವಾಗ ಕೇಳುವುದು ಇನ್ನೂ ದೊಡ್ಡ ಒತ್ತಾಯವೆಂದು ಬಲ್ಲೆ. ಅದಕ್ಕೇ ಹೇಳುತ್ತಿದ್ದೇನೆ, ನಿನ್ನ ಹಿಂದೆಯೇ ಬಾಗಿಲು ತೆರೆದಿದೆ. ನೀನು ಹೋದರೆ ನಾನು ಜೋರಿಯವರ ಗುಣಗಾನ ಮುಂದುವರಿಸುತ್ತೇನೆ, ಯಾರೂ ನಿನ್ನನ್ನು ತಿರುಗಿ ನೋಡುವುದಿಲ್ಲ. ನೋಡಬೇಡಿ ಎಂದೆ, ಶ್ರೀಮತಿ ಟ್ರೆಂಬಾತ್.

ಎದ್ದ. ಟೋಪಿ ತೆಗೆದುಕೊಂಡ. ಬಾಗಿಲಿಗೆ ಹೋಗುತ್ತಿದ್ದಾನೆ. ಒಳ್ಳೆಯದು, ಅದು ಅವನ ಇಚ್ಛೆ. ಜೋರಿ ನ್ಯಾನ್ಸ್ ಅವರು ಈ ಬಂದರಿಗೆ ಸಲ್ಲಿಸಿದ ಸೇವೆ, ಸಭಿಕರೇ, ಅಪಾರವಾದದ್ದು, ಅವರ ಹಗ್ಗಗಳು...

ಬಾಗಿಲು ಮುಚ್ಚಿದ. ಒಳಗಿನಿಂದ.

ಅಧ್ಯಕ್ಷರಿಗೆ, ಪಾದ್ರಿಗಳಿಗೆ, ಇಷ್ಟು ಹೊತ್ತು ಸಹಿಸಿಕೊಂಡ ನಿಮ್ಮೆಲ್ಲರಿಗೆ ನನ್ನ ಕೃತಜ್ಞತೆಗಳು. ಜೋರಿಯವರೇ, ಈ ಸಲ ಹಗ್ಗವನ್ನು ಚೆನ್ನಾಗಿ ನೆನೆಸಿ. ನಮಸ್ಕಾರ.