ಬರೀ ಜ್ಯಾಕಿನ ಮೇಲೆ ಬಿಟ್ಟ ಕಾರು

ನಾನು ಹೇಳುವುದರಲ್ಲಿ ಅರ್ಧ ಬುರುಡೆ ಅಂತ ಮನೆಯವರೆಲ್ಲ ನಗುತ್ತಾರೆ. ನಗಲಿ. ಇದು ಉಳಿದರ್ಧಕ್ಕೆ ಸೇರಿದ್ದು. ನಡೆದದ್ದು ನಮ್ಮ ದೊಡ್ಡಮ್ಮನ ಮಗನಿಗೆ... ಗ್ಯಾರೇಜಿನಲ್ಲಿ ಅವನಿಗೆ ಗಡಿಬಿಡಿ ಅಂತಲೇ ಹೆಸರು.

ಅವತ್ತು ರಾತ್ರಿ ಗ್ಯಾರೇಜಿಗೆ ಬೀಗ ಹಾಕಿ, ಹಾಳುಬಾವಿ ಪಕ್ಕದ ದಾರಿ ಹಿಡಿದು ಮನೆಗೆ ಹೊರಟಿದ್ದ. ಕಾಲು ಮುಂದಕ್ಕೆ, ಮನಸ್ಸು ಹಿಂದಕ್ಕೆ. ಒಳಗೆ ಒಂದು ಸ್ಪೋರ್ಟ್ಸ್ ಕಾರು ಜ್ಯಾಕಿನ ಮೇಲೆ ನಿಂತಿತ್ತು. ಬರೀ ಜ್ಯಾಕಿನ ಮೇಲೆ.

ಎತ್ತುವಾಗ ಅವನೇನೂ ತಪ್ಪು ಮಾಡಿರಲಿಲ್ಲ. ಆ ಕಾರಿನ ಹೊಟ್ಟೆ ನೆಲಕ್ಕೆ ಅಂಟಿದ ಹಾಗಿರುತ್ತದೆ, ಜ್ಯಾಕ್ ತೂರುವುದಿಲ್ಲ. ಅದಕ್ಕೇ ಮೊದಲು ಚಕ್ರಗಳನ್ನು ಹಲಗೆ ಹತ್ತಿಸಿದ. ಉರುಳದ ಹಾಗೆ ಮರದ ತುಂಡು ಅಡ್ಡ ಕೊಟ್ಟ. ಬಾಗಿಲ ಕೆಳಗಿನ ಅಂಚಿನಲ್ಲಿ ಗುರುತಿರುವ ಗಟ್ಟಿ ಜಾಗ ಹುಡುಕಿ, ಜ್ಯಾಕಿನ ತಲೆಗೆ ರಬ್ಬರ್ ತುಂಡಿಟ್ಟು, ನಿಧಾನವಾಗಿ ಎತ್ತಿದ. ಎರಡು ಕಬ್ಬಿಣದ ಸ್ಟ್ಯಾಂಡ್ ಕೊಟ್ಟ. ಆಮೇಲೆ ಕಾರಿನ ಕನ್ನಡಿಗೆ ಕೆಂಪು ಬಟ್ಟೆ ಕಟ್ಟಿದ. ಜ್ಯಾಕ್ ಇಳಿದು ಹಳೇ ಮೇಸ್ತ್ರಿ ಕಾರಿನಡಿ ಸತ್ತ ಮೇಲೆ ಅಲ್ಲಿ ಬಂದ ಪದ್ಧತಿ ಅದು. ಬಟ್ಟೆ ಕಂಡರೆ ಸ್ಟ್ಯಾಂಡ್ ಇದೆ ಅಂತ ಅರ್ಥ, ಕಣ್ಣುಮುಚ್ಚಿ ಕೆಳಗೆ ನುಗ್ಗಬಹುದು.

ಅಷ್ಟರಲ್ಲಿ ಗ್ಯಾರೇಜಿನ ಮಾಲೀಕ ಬಂದ.

“ಬರೀ ಕಬ್ಬಿಣ ಕೊಟ್ಟಿದ್ದೀಯಲ್ಲೋ. ಅಂಚು ಚಪ್ಪಟೆಯಾದ್ರೆ ನಿಮ್ಮಪ್ಪ ಬಂದು ಸರಿ ಮಾಡ್ತಾನಾ? ತೆಗಿ. ನಾಳೆ ರಬ್ಬರ್ ತರಿಸ್ತೀನಿ.”

ತೆಗೆದ. ಬಟ್ಟೆ ಮಾತ್ರ ಬಿಚ್ಚಲಿಲ್ಲ.

ಬೆಳಗಾಗುತ್ತಲೇ ಆ ಕಾರಿನಡಿ ನುಗ್ಗುವವನು ಗಡಿಬಿಡಿಯ ಭಾವ. ಸ್ವಂತ ಅಕ್ಕನ ಗಂಡ. ಮೇಸ್ತ್ರಿಯ ಜಾಗ ಇವನಿಗೆ ತಪ್ಪಿ ಭಾವನಿಗೆ ಸಿಕ್ಕಿದಾಗಿನಿಂದ ಇಬ್ಬರಿಗೂ ಮಾತಿಲ್ಲ. ಬಟ್ಟೆಯ ನೆನಪು ಅವನಿಗೆ ಬಾವಿಯ ಹತ್ತಿರವೇ ಬಂತು. ನಿಂತ. ‘ಕಣ್ಣಿದೆಯಲ್ಲ, ನೋಡ್ಕೊಳ್ಳಲಿ’ ಅಂದುಕೊಂಡ... ಬಾವಿ ದಾಟಿದ.

ಆಗ ಕೇಳಿಸಿತು.

ಕಿರ್ರ್... ಕಟಕ್. ಕಿರ್ರ್... ಕಟಕ್.

ಜ್ಯಾಕಿನ ಹಿಡಿ ಒತ್ತುವ ಸದ್ದು. ಬೀಗ ಹಾಕಿದ ಗ್ಯಾರೇಜಿನ ಒಳಗಿಂದ.

ಓಡಿ ಬಂದ. ಬೀಗ ಹಾಕಿದ ಹಾಗೇ ಇತ್ತು. ತೆಗೆದ. ಕತ್ತಲು. ಕಾರಿನಡಿಯಿಂದ ಎರಡು ಕಾಲು ಹೊರಗೆ ಚಾಚಿದ್ದವು.

“ಯಾರು?... ಭಾವಾ?”

“ಮೆಲ್ಲಗೆ ಮಾತಾಡು. ಸ್ಟ್ಯಾಂಡ್ ಎಲ್ಲೋ?”

ಸತ್ತ ಮೇಸ್ತ್ರಿಯ ದನಿ. ಅದೇ ಒಡಕು ಗಂಟಲು.

“ತೆ... ತೆಗೆಸಿಬಿಟ್ರು. ರಬ್ಬರ್ ಇರ್ಲಿಲ್ಲ.”

“ಬಟ್ಟೆ ಕಟ್ಟಿತ್ತು. ನಂಬಿ ಮಲಗಿದೆ.”

ಟಿಸ್ಸ್... ಜ್ಯಾಕಿನ ಎಣ್ಣೆ ಒಸರುತ್ತಿತ್ತು. ಕಾರು ಕೂದಲೆಳೆಯಷ್ಟು ಕೆಳಗಿಳಿಯಿತು.

“ರಬ್ಬರ್ ಇಲ್ವಂತೆ... ಕಾಲಲ್ಲಿ ಏನಿದೆ?”

“ಹವಾಯಿ ಚಪ್ಪಲಿ.”

“ಮತ್ತೆ? ತಲೆಗೆ ಹಾಕ್ಕೊಳ್ಳೋಕೆ ಇಟ್ಕೊಂಡಿದ್ದೀಯಾ?”

ಗಡಿಬಿಡಿ ಸ್ಟ್ಯಾಂಡ್ ತಂದ. ಒಂದೊಂದರ ಮೇಲೆ ಒಂದೊಂದು ಚಪ್ಪಲಿ ಇಟ್ಟು, ಅಂಚಿನ ಗಟ್ಟಿ ಜಾಗಕ್ಕೆ ಸರಿಯಾಗಿ ಕೂರಿಸಿದ. ಜ್ಯಾಕ್ ಸಡಿಲಿಸಿದ. ಉಸ್ಸ್... ದಪ್. ಭಾರ ಸ್ಟ್ಯಾಂಡಿನ ಮೇಲೆ ಕೂತಿತು.

ದೀಪ ಹಾಕಿದ. ಕಾರಿನಡಿ ಯಾರೂ ಇರಲಿಲ್ಲ.

ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಬೆಳಗಿನವರೆಗೂ ಬರಿಗಾಲಲ್ಲಿ ಹೊಸ್ತಿಲ ಮೇಲೇ ಕೂತಿದ್ದ. ಮಾಲೀಕ ಬಂದವನೇ ಕಾರಿನ ಅಂಚನ್ನು ಬೆರಳಲ್ಲಿ ಸವರಿ ನೋಡಿ, “ಸದ್ಯ, ಏನೂ ಆಗಿಲ್ಲ” ಅಂದ. ಮೇಸ್ತ್ರಿ ಸತ್ತ ದಿನವೂ ಅವನ ಮೊದಲ ಮಾತು ಅದೇ ಆಗಿತ್ತಂತೆ.

ಆಮೇಲೆ ಭಾವ ಬಂದ. ಕೆಂಪು ಬಟ್ಟೆ ನೋಡಿದ. ಬೇರೇನನ್ನೂ ನೋಡಲಿಲ್ಲ. ಸ್ಟ್ಯಾಂಡ್ ಕಡೆ ಕಣ್ಣೂ ಹಾಯಿಸದೆ, ಬೆನ್ನು ನೆಲಕ್ಕೆ ಕೊಟ್ಟು ಸರಕ್ಕನೆ ಒಳಗೆ ಜಾರಿದ.

ಇನ್ನು ನೀವು ನಂಬಿ, ಬಿಡಿ. ದೊಡ್ಡಮ್ಮನ ಮಗ ಇವತ್ತಿಗೂ ಇದನ್ನು ಒಂದಕ್ಷರ ಆಚೀಚೆ ಮಾಡದೆ ಹೇಳುತ್ತಾನೆ, ನಾನೂ ಹಾಗೇ ಹೇಳಿದ್ದೇನೆ. ಚಳಿಗಾಲ. ಸಿಮೆಂಟ್ ನೆಲ. ಭಾವ ಬೆನ್ನು ಊರಿ ಇನ್ನೂ ಒಂದು ಉಸಿರು ಎಳೆದಿರಲಿಲ್ಲ... ಕಾರಿನಡಿಯಿಂದ ಅವನ ದನಿ ಬಂತು.

“ಇಲ್ಲಿಂದ ಈಗ ಎದ್ದು ಹೋದೋರು ಯಾರು? ನೆಲ ಬೆಚ್ಚಗಿದೆ.”